ನೀರ ದಂಡೆಯ ನಡಿಗೆ: ನಮ್ಮ ನಾಲ್ಕು ತಾಲ್ಲೂಕುಗಳ ಹಿರಿಯರಿಗೆ ಕೆಲವು ದಾರಿಗಳು

ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಧಾರವಾಡ, ಬೆಳಗಾವಿ ಸೀಮೆಯ ಸದ್ಭಕ್ತರು ಉಳವಿಯ ದಾರಿ ಹಿಡಿಯುತ್ತಾರೆ. ಕೆಲವರು ಚಕ್ಕಡಿ ಕಟ್ಟಿಕೊಂಡು, ಕೆಲವರು ರೊಟ್ಟಿಯ ಬುತ್ತಿಯನ್ನು ಹೆಗಲಿಗೇರಿಸಿ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ಷೋಭೆಯ ನಂತರ ಅವಿರಳಜ್ಞಾನಿ ಚನ್ನಬಸವಣ್ಣನವರ ನೇತೃತ್ವದಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು, ಕಾಳಿ ನದಿಯ ಸೀಮೆಯ ಈ ದಟ್ಟಡವಿಗೆ ನಡೆದು ಬಂದರೆಂಬುದು ನಮ್ಮ ಪರಂಪರೆ ಉಳಿಸಿಕೊಂಡ ನೆನಪು. ಜಂಗಮವೆಂಬ ಪದದ ಅರ್ಥವೇ ಚಲಿಸುವುದು. ನಡಿಗೆ ನಮ್ಮ ಧರ್ಮಕ್ಕೆ ಹೊಸದಲ್ಲ.

ಆದರೆ ಜಾತ್ರೆ ಮುಗಿದ ವಾರದಲ್ಲಿ ನಮ್ಮ ಚಿಕಿತ್ಸಾಲಯದಲ್ಲಿ ಕಾಣುವ ನೋಟ ಬೇರೆ. ಅಂಗಾಲಿನಲ್ಲಿ ಬೊಬ್ಬೆ, ಊದಿದ ಮೊಣಕಾಲು, ಹಿಡಿದುಕೊಂಡ ಸೊಂಟ. ವರ್ಷದಲ್ಲಿ ಎರಡು ಮೂರು ದಿನ ಹತ್ತಾರು ಮೈಲಿ ನಡೆದವರು ಉಳಿದ ದಿನಗಳಲ್ಲಿ ಕಾಲು ಮೈಲಿಯನ್ನೂ ನಡೆದಿರುವುದಿಲ್ಲ. ಸಂತೆಗೆ ದ್ವಿಚಕ್ರ ವಾಹನ, ಹೊಲಕ್ಕೆ ದ್ವಿಚಕ್ರ ವಾಹನ, ಓಣಿಯ ಗುಡಿಗೂ ಅದೇ. ದೇಹ ಮಾತ್ರ ವರ್ಷದ ಒಂದು ಜಾತ್ರೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೆ ನಿತ್ಯದ ನೇಮ ಬೇಕು.

ಒಂದು ತಪ್ಪೊಪ್ಪಿಗೆ

ಈ ಲೇಖನ ಬರೆಯಲು ಕಾರಣವಾದ ಸಂಗತಿಯನ್ನು ಮೊದಲು ಹೇಳುವುದು ಉಚಿತ. ಕೆಲವು ವರ್ಷಗಳ ಹಿಂದೆ ನಿವೃತ್ತ ಶಿಕ್ಷಕರೊಬ್ಬರು ಮಧುಮೇಹಕ್ಕೆ ಚಿಕಿತ್ಸೆ ಪಡೆಯಲು ನಮ್ಮಲ್ಲಿಗೆ ಬರುತ್ತಿದ್ದರು. ಔಷಧಿಯ ಚೀಟಿಯ ಕೊನೆಯಲ್ಲಿ ನಾವು ಎಲ್ಲರಿಗೂ ಬರೆಯುವಂತೆ ‘ನಿತ್ಯ ಮುಂಜಾನೆ ಒಂದು ತಾಸು ನಡಿಗೆ’ ಎಂದು ಬರೆದೆವು. ಶಿಸ್ತಿನ ಮನುಷ್ಯರಾದ ಅವರು ಮಾರನೆಯ ದಿನದಿಂದಲೇ ಆರಂಭಿಸಿದರು. ಅವರ ಮನೆಯ ಮುಂದಿದ್ದುದು ದೊಡ್ಡ ರಸ್ತೆ. ಬದಿಯಲ್ಲಿ ಕಾಲುದಾರಿ ಇರಲಿಲ್ಲ. ಕಬ್ಬು ಸಾಗಿಸುವ ದಿನಗಳು. ಬೆಳಕು ಹರಿಯುವ ಮುನ್ನ ಎದುರಿನಿಂದ ಬಂದ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಚರಂಡಿಗೆ ಬಿದ್ದರು. ಸೊಂಟದ ಕೀಲಿನ ಎಲುಬು ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆ ನೋಡಲು ಹೋದೆವು. ಅವರ ಮನೆಯವರು ಚಹಾ ಕೊಟ್ಟು, ಸಿಟ್ಟಿಲ್ಲದ ದನಿಯಲ್ಲಿ, “ಡಾಕ್ಟರ್ ಸಾಹೇಬ್ರ, ನಡೀರಿ ಅಂತ ಚೀಟ್ಯಾಗ ಬರದ್ರಿ. ಎಲ್ಲೆ ನಡೀಬೇಕು ಅಂತ ಬರೀಲಿಲ್ಲ” ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಔಷಧವನ್ನು ಬರೆಯುವಾಗ ಮಾತ್ರೆ, ಕಾಲ, ಅನುಪಾನ ಮೂರನ್ನೂ ಬರೆಯುತ್ತೇವೆ. ನಡಿಗೆಯನ್ನು ಬರೆಯುವಾಗ ಮಾತ್ರ ಜಾಗವನ್ನು ಕೇಳುವುದಿಲ್ಲ. ಅಂದಿನಿಂದ ರೋಗಿಯ ಮನೆ ಎಲ್ಲಿದೆ, ಸಮೀಪದಲ್ಲಿ ಯಾವ ದಾರಿಯಿದೆ ಎಂದು ವಿಚಾರಿಸದೆ ನಾವು ‘ನಡೆಯಿರಿ’ ಎಂದು ಬರೆದಿಲ್ಲ. ಆ ವಿಚಾರಣೆಯಲ್ಲಿ ತಿಳಿದುಬಂದುದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ನೀರ ಬಳಿ ವಾಸಿಸುವವರಿಗೆ ನಡಿಗೆ ಏಕೆ ಹೆಚ್ಚು ಬೇಕು

ಆಯುರ್ವೇದವು ನೆಲವನ್ನು ಮೂರಾಗಿ ವಿಂಗಡಿಸುತ್ತದೆ. ನೀರು, ಗಿಡಮರಗಳು ಹೇರಳವಾಗಿರುವುದು ಆನೂಪ ದೇಶ. ಒಣಹವೆಯ ಬಯಲು ಜಾಂಗಲ ದೇಶ. ಎರಡರ ಲಕ್ಷಣಗಳೂ ಹದವಾಗಿ ಬೆರೆತದ್ದು ಸಾಧಾರಣ ದೇಶ. ಆನೂಪದಲ್ಲಿ ಕಫ, ಜಾಂಗಲದಲ್ಲಿ ವಾತ ಪ್ರಬಲವಾಗಿದ್ದು, ಸಾಧಾರಣದಲ್ಲಿ ದೋಷಗಳು ಸಮಸ್ಥಿತಿಯಲ್ಲಿರುತ್ತವೆ ಎಂಬುದು ಶಾಸ್ತ್ರದ ನಿಲುವು. ನಮ್ಮ ನಾಲ್ಕು ತಾಲ್ಲೂಕುಗಳನ್ನು ಈ ಕಣ್ಣಿನಿಂದ ನೋಡಿರಿ. ಕಾಳಿ ನದಿ ಹುಟ್ಟುವ ಡಿಗ್ಗಿಯಿಂದ ಗಣೇಶಗುಡಿಯವರೆಗಿನ ಜೋಯಿಡಾ ಸೀಮೆ ಅಚ್ಚ ಆನೂಪ. ದಾಂಡೇಲಿ ನದಿಯ ದಂಡೆಯಲ್ಲೇ ಬೆಳೆದ ಊರು. ಹಳಿಯಾಳ, ಮುಂಡಗೋಡಗಳು ಮಲೆನಾಡು ಮುಗಿದು ಬಯಲು ಆರಂಭವಾಗುವ ಸೆರಗಿನಲ್ಲಿದ್ದು ಸಾಧಾರಣಕ್ಕೆ ಹತ್ತಿರವಾಗಿವೆ.

ಆನೂಪದಲ್ಲಿ ವಾಸಿಸುವವನ ದೇಹದಲ್ಲಿ ಕಫ ಬೇಗ ಕೂಡುತ್ತದೆ. ಮೈ ಭಾರ, ಜಡತೆ, ಮಂದಾಗ್ನಿ, ಮೇದಸ್ಸಿನ ವೃದ್ಧಿ, ಪ್ರಮೇಹ ಇವು ಕಫದ ದಾರಿಯಲ್ಲಿ ಬರುವ ತೊಂದರೆಗಳು. ಹಿಂದೆ ಈ ಸೀಮೆಯ ಜನ ಗದ್ದೆ, ಗುಡ್ಡ, ಅಡವಿ ಎಂದು ದಿನವಿಡೀ ಕಾಲಿನ ಮೇಲಿದ್ದುದರಿಂದ ನೆಲದ ಗುಣಕ್ಕೆ ಕಾಯಕವೇ ಮದ್ದಾಗಿತ್ತು. ಜೋಯಿಡಾದ ಕುಣಬಿ ಸಮಾಜದ ಹಿರಿಯರನ್ನು ನೋಡಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಈಗ ನೀರು ಹಾಗೆಯೇ ಇದೆ, ಅನ್ನ ಹೆಚ್ಚಿದೆ, ಕಾಯಕ ಕುರ್ಚಿಗೆ ಬಂದಿದೆ. ಆದ್ದರಿಂದ ನೀರ ದಂಡೆಯಲ್ಲಿ ಮನೆ ಮಾಡಿದವರಿಗೆ ನಡಿಗೆ ಉಳಿದವರಿಗಿಂತ ಹೆಚ್ಚು ಅವಶ್ಯಕ.

ಶಾಸ್ತ್ರ ಹೇಳುವ ಪ್ರಮಾಣ

ವ್ಯಾಯಾಮದಿಂದ ಮೈ ಹಗುರಾಗುತ್ತದೆ, ಕೆಲಸ ಮಾಡುವ ಶಕ್ತಿ ಹೆಚ್ಚುತ್ತದೆ, ಜಠರಾಗ್ನಿ ಉರಿಯುತ್ತದೆ, ಮೇದಸ್ಸು ಕರಗುತ್ತದೆ ಎಂದು ವಾಗ್ಭಟರು ಹೇಳುತ್ತಾರೆ. ಸುಶ್ರುತರ ಮಾತು ಇನ್ನೂ ವಿಶೇಷವಾದುದು. ಪ್ರಮೇಹದಿಂದ ಬಳಲುವ ಬಡವನು ಕೊಡೆ, ಪಾದರಕ್ಷೆಗಳಿಲ್ಲದೆ, ಭಿಕ್ಷಾನ್ನವನ್ನು ಉಂಡು, ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕೆಂದು ಅವರು ವಿಧಿಸುತ್ತಾರೆ. ಇದು ಹೆಚ್ಚು ಕಡಿಮೆ ಜಂಗಮನ ಜೀವನಕ್ರಮವೇ. ಆದರೆ ಪಾದರಕ್ಷೆಯ ವಿಷಯದಲ್ಲಿ ಇಂದಿನ ಮಧುಮೇಹಿಗಳು ಈ ವಿಧಿಯನ್ನು ಅನುಸರಿಸಬಾರದು. ದೀರ್ಘಕಾಲದ ಮಧುಮೇಹದಲ್ಲಿ ಪಾದದ ಸ್ಪರ್ಶಜ್ಞಾನ ಕುಗ್ಗಿರುತ್ತದೆ. ಮುಳ್ಳು ಚುಚ್ಚಿದ್ದು ತಿಳಿಯದೆ ಹುಣ್ಣಾಗಿ, ಕಾಲನ್ನೇ ಕಳೆದುಕೊಂಡವರಿದ್ದಾರೆ. ಮೆತ್ತನೆಯ, ಬೆರಳು ಮುಚ್ಚುವ ಪಾದರಕ್ಷೆ ಇರಲಿ. ಮನೆಗೆ ಬಂದೊಡನೆ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳುವುದು ಅಭ್ಯಾಸವಾಗಲಿ.

ಎಷ್ಟು ನಡೆಯಬೇಕು? ಅರ್ಧಶಕ್ತಿಯವರೆಗೆ ಎಂಬುದು ಶಾಸ್ತ್ರದ ಸೂತ್ರ. ಹಣೆ, ಮೂಗು, ಕಂಕುಳಲ್ಲಿ ಬೆವರೊಡೆದು, ಬಾಯಿ ಒಣಗಿ, ಬಾಯಿಂದ ಉಸಿರಾಡುವ ಸ್ಥಿತಿ ಬಂದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಚಳಿಗಾಲ, ವಸಂತಗಳಲ್ಲಿ ಅಷ್ಟು. ಉಳಿದ ಋತುಗಳಲ್ಲಿ ಅದಕ್ಕಿಂತ ಕಡಿಮೆ. ಇಂದಿನ ವೈದ್ಯರು ಹೇಳುವ ಅಳತೆಯೂ ಇದಕ್ಕೆ ದೂರವಿಲ್ಲ: ಜೊತೆಗಾರನೊಡನೆ ಮಾತಾಡಲು ಬರಬೇಕು, ಹಾಡಲು ಬರಬಾರದು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವೇಗದ ಚಟುವಟಿಕೆಯನ್ನು ಸೂಚಿಸಿದೆ. ವಾರಕ್ಕೆ ಐದು ದಿನ ಅರ್ಧ ತಾಸು ಎಂದರೆ ಲೆಕ್ಕ ಸರಿಹೋಗುತ್ತದೆ. ಒಂದೇ ಸಲ ಆಗದವರು ಹತ್ತು ಹತ್ತು ನಿಮಿಷವಾಗಿ ಮೂರು ಸಲ ನಡೆಯಬಹುದು. ಊಟದ ನಂತರ ನೂರು ಹೆಜ್ಜೆ ಹಾಕುವ ಹಳೆಯ ರೂಢಿಯನ್ನು ಬಿಡಬೇಡಿರಿ. ಉಂಡ ಮೇಲೆ ಏರುವ ರಕ್ತದ ಸಕ್ಕರೆಯನ್ನು ಆ ನಿಧಾನದ ನಡಿಗೆ ತಗ್ಗಿಸುತ್ತದೆ.

ಒಳ್ಳೆಯ ದಾರಿಯ ಲಕ್ಷಣಗಳು

ರೋಗಿಗೆ ದಾರಿಯನ್ನು ಸೂಚಿಸುವಾಗ ನಾವು ಐದು ಅಂಶಗಳನ್ನು ನೋಡುತ್ತೇವೆ. ಒಂದು, ನೆಲ ಸಮತಟ್ಟಾಗಿರಬೇಕು. ಅರವತ್ತು ದಾಟಿದವರಿಗೆ ದೂರಕ್ಕಿಂತ ಕಲ್ಲು, ಗುಂಡಿ, ಪಾಚಿಗಳೇ ಹೆಚ್ಚು ಅಪಾಯಕಾರಿ. ಎರಡು, ವಾಹನಗಳ ದಾರಿಯಿಂದ ಪ್ರತ್ಯೇಕವಾಗಿರಬೇಕು. ಮೂರು, ನೆರಳಿರಬೇಕು. ನಾಲ್ಕು, ಐದು ನಿಮಿಷಕ್ಕೊಮ್ಮೆ ಕೂರಲು ಕಟ್ಟೆಯೋ ಕಲ್ಲೋ ಇರಬೇಕು. ಮೊಣಕಾಲು ನೋವಿನವರು ಕೂರಲು ಜಾಗವಿದೆಯೆಂಬ ಧೈರ್ಯದಿಂದಲೇ ಮನೆಯಿಂದ ಹೊರಬೀಳುತ್ತಾರೆ. ಐದು, ಸುತ್ತಿ ಮರಳಿ ಮನೆಗೇ ಬರುವಂತಿರಬೇಕು. ಈ ಐದರ ಜೊತೆಗೆ ನೀರೂ ಇದ್ದರೆ ಅದು ಭಾಗ್ಯ. ನೀರಿನ ಮೇಲಿನ ಗಾಳಿ, ಹಕ್ಕಿಗಳ ದನಿ, ಎದುರಿನ ವಿಶಾಲ ನೋಟ ಇವು ನಡೆಯುವವನನ್ನು ಮರುದಿನ ಮತ್ತೆ ಕರೆಯುತ್ತವೆ. ನಡಿಗೆಯ ದೊಡ್ಡ ಶತ್ರು ಬೇಸರ. ನೀರು ಬೇಸರವನ್ನು ಕಳೆಯುತ್ತದೆ.

ದಾಂಡೇಲಿ

1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದ ಮೇಲೆ ಹಿಗ್ಗಿದ ಈ ಊರಿನಲ್ಲಿ ಯೋಜಿಸಿ ಕಟ್ಟಿದ ವಸತಿ ಬಡಾವಣೆಗಳಿವೆ. ಬಂಗೂರ ನಗರದ ಕಡೆಯ ಹಳೆಯ ಮರಗಳ ನೆರಳಿನ ಒಳರಸ್ತೆಗಳು ಹಿರಿಯರ ಮುಂಜಾನೆಯ ನಡಿಗೆಗೆ ಒಪ್ಪುತ್ತವೆ. ನದಿಯನ್ನು ನೋಡಬೇಕೆನ್ನುವವರು ಊರ ಸಮೀಪದ ಮೌಳಂಗಿಯ ನದಿತೀರದ ಉದ್ಯಾನಕ್ಕೆ ಹೋಗಬಹುದು. ಮಂಗಟ್ಟೆ ಹಕ್ಕಿಗಳಿಗೆ ಹೆಸರಾದ ಊರಿದು. ಕತ್ತೆತ್ತಿ ಮರ ನೋಡುವ ಅಭ್ಯಾಸ ಕುತ್ತಿಗೆಗೂ ಹಿತ. ಆದರೆ ನೋಡುವಾಗ ನಿಂತು ನೋಡಬೇಕು, ನಡೆಯುತ್ತ ನೋಡಬಾರದು.

ಕಾಳಿಯ ದಂಡೆಯಲ್ಲಿ ಎರಡು ಎಚ್ಚರಗಳು ಕಡ್ಡಾಯ. ಮೊದಲನೆಯದು ಮೊಸಳೆ. ಊರಿಗೆ ಹೊಂದಿಕೊಂಡೇ ಹರಿಯುವ ನದಿಯಲ್ಲಿ ಮೊಸಳೆಗಳಿವೆ. ಚಳಿಗಾಲದ ಹೊತ್ತೇರಿದ ಮೇಲೆ ದಂಡೆಗೆ ಬಂದು ಬಿಸಿಲಿಗೆ ಮಲಗುತ್ತವೆ. ಬೇಸಿಗೆಯಲ್ಲಿ ದಂಡೆಯಲ್ಲೇ ಮೊಟ್ಟೆಯಿಡುತ್ತವೆ. ನೀರಿನಂಚಿನಿಂದ ಕನಿಷ್ಠ ಇಪ್ಪತ್ತು ಹೆಜ್ಜೆ ದೂರವಿರಿ. ಕಾಲು ತೊಳೆಯಲು, ಮೊಮ್ಮಕ್ಕಳಿಗೆ ಮೀನು ತೋರಿಸಲು ಕೆಳಗಿಳಿಯಬೇಡಿರಿ. ಎರಡನೆಯದು ನೀರಿನ ಏರಿಳಿತ. ಮೇಲ್ಗಡೆ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿದೆ. ಅಲ್ಲಿ ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಕೆಳಗಡೆ ಮಳೆಯಿಲ್ಲದ ದಿನದಲ್ಲೂ ನದಿ ಏರುತ್ತದೆ. ನಿನ್ನೆ ಒಣಗಿದ್ದ ಬಂಡೆ ಇಂದು ನೀರಿನಡಿ ಇರಬಹುದು. ಬಂಡೆಗಳ ಮೇಲಿನ ನಡಿಗೆ ಹರೆಯದವರಿಗೂ ಬೇಡ.

ಹಳಿಯಾಳ

ಹಳಿಯಾಳ ಕುಸ್ತಿಯ ಊರು. ಗರಡಿಮನೆಯ ಸಂಸ್ಕಾರ ಇನ್ನೂ ಜೀವಂತವಾಗಿರುವ ಈ ಊರಿನ ಹಿರಿಯರಿಗೆ ವ್ಯಾಯಾಮದ ಮಹತ್ವ ತಿಳಿಸುವುದು ಸುಲಭ. “ಹರೆಯದಾಗ ಸಾಕಷ್ಟು ದಂಡ ಹೊಡೆದೇವ್ರಿ” ಎಂದು ಕೂತಿರುವವರನ್ನು ಎಬ್ಬಿಸುವುದೇ ಕಷ್ಟ. ಅಂದು ಗಳಿಸಿದ ಬಲ ಇಂದಿನ ಬಡ್ಡಿಗೆ ಸಾಲದು. ಇಲ್ಲಿನವರಿಗೆ ನಮ್ಮ ಸಲಹೆ, ಹಳೆಯ ಕೋಟೆಯ ಕಡೆ ಅಥವಾ ತಮ್ಮ ಓಣಿಗೆ ಹತ್ತಿರದ ಕೆರೆಯ ಏರಿಯ ಮೇಲೆ ನಡೆಯುವುದು. ಕೆರೆಯ ಏರಿ ನಮ್ಮ ಹಿರಿಯರು ಬಿಟ್ಟುಹೋದ ನಡಿಗೆಯ ದಾರಿ. ಎತ್ತರ, ನೇರ, ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗದ್ದೆ. ಕಬ್ಬು ಸಾಗಿಸುವ ತಿಂಗಳುಗಳಲ್ಲಿ ದೊಡ್ಡ ರಸ್ತೆಗಳ ನಡಿಗೆಯನ್ನು ಪೂರ್ತಿ ಬಿಟ್ಟುಬಿಡಿ. ಅದರ ಬೆಲೆಯನ್ನು ಆರಂಭದಲ್ಲೇ ಹೇಳಿದ್ದೇವೆ.

ಜೋಯಿಡಾ

ಜೋಯಿಡಾದವರಿಗೆ ನಡಿಗೆಯ ಕೊರತೆಯಿಲ್ಲ. ಏರು ಇಳುಕಲುಗಳ ತೊಂದರೆಯಿದೆ. ಇಳಿಯುವಾಗ ಮೊಣಕಾಲಿನ ಮೇಲೆ ಬೀಳುವ ಭಾರ ಏರುವಾಗಿನದಕ್ಕಿಂತ ಹೆಚ್ಚು. ಸಂಧಿವಾತದವರು ಕೋಲು ಹಿಡಿದು, ಚಿಕ್ಕ ಹೆಜ್ಜೆಯಿಟ್ಟು, ಓರೆಯಾಗಿ ಇಳಿಯಬೇಕು. ಸೂಪಾ ಜಲಾಶಯದಲ್ಲಿ ಹಳೆಯ ಸೂಪಾ ಪೇಟೆ ಮುಳುಗಿದ ಮೇಲೆ ರಾಮನಗರಕ್ಕೆ ಬಂದು ನೆಲೆಸಿದ ಹಿರಿಯರು ಬಿಟ್ಟುಬಂದ ನದಿಯ ಮಾತನ್ನು ಇಂದಿಗೂ ಆಡುತ್ತಾರೆ. ಅವರಿಗೆ ನಡಿಗೆಯ ಜೊತೆಗಾರರೂ ಔಷಧವೇ. ಉಳವಿಗೆ ಹೋದವರು ಚನ್ನಬಸವೇಶ್ವರರ ದರ್ಶನದ ನಂತರ ಅಕ್ಕನಾಗಮ್ಮನ ಗವಿ, ಮಹಾಮನೆಯ ಗವಿಗಳ ಕಡೆಗೆ ನಡೆಯುತ್ತಾರೆ. ಆ ದಾರಿ ಭಕ್ತಿಗೆ ಹಿತ, ಆದರೆ ಅಭ್ಯಾಸವಿಲ್ಲದ ಕಾಲಿಗೆ ಕಠಿಣ. ಉಳವಿಗೆ ಪಾದಯಾತ್ರೆ ಹೊರಡುವವರು ಎರಡು ತಿಂಗಳು ಮೊದಲೇ ನಿತ್ಯದ ನಡಿಗೆ ಆರಂಭಿಸಿ, ವಾರವಾರಕ್ಕೂ ತುಸು ದೂರ ಹೆಚ್ಚಿಸುತ್ತ ಹೋಗಲಿ. ಹೊಸ ಚಪ್ಪಲಿ ಧರಿಸಿ ಯಾತ್ರೆ ಆರಂಭಿಸಬೇಡಿರಿ. ರಾತ್ರಿ ಬಿಡಾರದಲ್ಲಿ ಅಂಗಾಲಿಗೆ ಉಗುರುಬೆಚ್ಚನೆಯ ಎಳ್ಳೆಣ್ಣೆ ತಿಕ್ಕಿಕೊಂಡು ಮಲಗಿರಿ.

ಮುಂಡಗೋಡ

ಕೆರೆಗಳ ಸೀಮೆ ಇದು. ಊರ ಕೆರೆಯ ಏರಿಗಳಲ್ಲದೆ, ಬಾಚಣಕಿಯ ಅಣೆಕಟ್ಟು, ಅತ್ತಿವೇರಿಯ ಜಲಾಶಯಗಳಿವೆ. ಅತ್ತಿವೇರಿ ಪಕ್ಷಿಧಾಮಕ್ಕೆ ಚಳಿಗಾಲದಲ್ಲಿ ಒಂದು ಬೆಳಗು ಮನೆಮಂದಿಯೊಡನೆ ಹೋಗಿ ಬನ್ನಿರಿ. ಚಮಚದಂತಹ ಕೊಕ್ಕಿನ ಬಿಳಿಹಕ್ಕಿ, ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆಗಳನ್ನು ಕಂಡ ಮೊಮ್ಮಕ್ಕಳು ಮುಂದಿನ ವಾರ ತಾವೇ ಅಜ್ಜನನ್ನು ಎಬ್ಬಿಸುತ್ತಾರೆ.

ಇಲ್ಲಿನ ಇನ್ನೊಂದು ನೋಟ ನಮಗೆ ಪಾಠವಾಗಿದೆ. 1966ರಲ್ಲಿ ಆರಂಭವಾದ ಟಿಬೆಟನ್ ವಸತಿಯಲ್ಲಿ ಮುಂಜಾನೆ, ಸಂಜೆ ಮುದುಕ ಮುದುಕಿಯರು ಜಪಮಾಲೆ ಹಿಡಿದು ತಮ್ಮ ಮಠಗಳ ಸುತ್ತ ಪ್ರದಕ್ಷಿಣೆ ಹಾಕುವುದನ್ನು ಕಾಣಬಹುದು. ಅವರು ಸಕ್ಕರೆ ಇಳಿಸಲು ನಡೆಯುತ್ತಿಲ್ಲ, ದೇವರ ನಾಮಕ್ಕಾಗಿ ನಡೆಯುತ್ತಿದ್ದಾರೆ. ಆದ್ದರಿಂದಲೇ ಬಿಡದೆ ನಡೆಯುತ್ತಾರೆ. ಆರೋಗ್ಯಕ್ಕಾಗಿ ಹಿಡಿದ ನೇಮ ನೆಗಡಿ ಬಂದರೆ ನಿಂತುಹೋಗುತ್ತದೆ. ಭಕ್ತಿಗಾಗಿ ಹಿಡಿದ ನೇಮ ನಿಲ್ಲುವುದಿಲ್ಲ. ಇಷ್ಟಲಿಂಗ ಪೂಜೆಯ ನಂತರ ಷಡಕ್ಷರಿ ಮಂತ್ರವನ್ನು ಮನಸ್ಸಿನಲ್ಲೇ ಜಪಿಸುತ್ತ ಅರ್ಧ ತಾಸು ನಡೆಯುವ ನೇಮವನ್ನು ನಮ್ಮ ಸದ್ಭಕ್ತರು ಏಕೆ ಹಿಡಿಯಬಾರದು?

ಋತು ಮತ್ತು ಅಡವಿಯ ಎಚ್ಚರಗಳು

ನಮ್ಮದು ಹುಲಿ ಸಂರಕ್ಷಿತ ಪ್ರದೇಶಕ್ಕೆ ಅಂಟಿದ ಸೀಮೆ. ದಾಂಡೇಲಿ ಅಣಶಿ ಅರಣ್ಯವು ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶವಾಗಿದೆ. ಅನುಮತಿಯಿಲ್ಲದೆ ಅದರೊಳಗೆ ನಡಿಗೆಗೆ ಹೋಗುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಭತ್ತ ಕೊಯ್ಲಿನ ದಿನಗಳಲ್ಲಿ ಹಳಿಯಾಳ, ಮುಂಡಗೋಡದ ಹೊಲಗಳಿಗೆ ಆನೆಗಳು ಇಳಿಯುತ್ತವೆ. ಆ ತಿಂಗಳುಗಳಲ್ಲಿ ಕಾಡಂಚಿನವರು ಸೂರ್ಯೋದಯಕ್ಕೆ ಮೊದಲು, ಸೂರ್ಯಾಸ್ತದ ನಂತರ ಹೊರಗೆ ನಡೆಯಬಾರದು. ನೀರ ದಂಡೆಯ ಮಂಜು ಕಫವನ್ನು ಕೆರಳಿಸುವುದರಿಂದ ಉಬ್ಬಸದವರಿಗೂ ಬಿಸಿಲು ತುಸು ಬಿದ್ದ ಮೇಲಿನ ಹೊತ್ತೇ ಹಿತ.

ಡಿಸೆಂಬರಿನಿಂದ ಮೇ ತಿಂಗಳವರೆಗೆ ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆಯ ನೆನಪಿರಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಈ ರೋಗ ನಮ್ಮ ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ. ಒಣ ಎಲೆಗಳ ಮೇಲೆ ಕೂರಬೇಡಿರಿ. ಮೈ ತುಂಬ ಬಟ್ಟೆ ಧರಿಸಿರಿ. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿರಿ. ಮಂಗ ಸತ್ತು ಬಿದ್ದುದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿರಿ. ಕಾಡಿನಿಂದ ಬಂದ ಕೆಲ ದಿನಗಳಲ್ಲಿ ತೀವ್ರ ಜ್ವರ, ತಲೆನೋವು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಸರಕಾರಿ ಆಸ್ಪತ್ರೆಗೆ ಹೋಗಿರಿ.

ಮಳೆಗಾಲದಲ್ಲಿ ಆಯಾಸ ಬೇಡವೆಂದು ಶಾಸ್ತ್ರವೇ ಹೇಳುತ್ತದೆ. ಅಗ್ನಿ ಮಂದವಾಗಿರುವ, ನೆಲ ಜಾರುವ ಆ ಮೂರು ತಿಂಗಳು ಮಠದ ಪಡಸಾಲೆ, ಶಾಲೆಯ ಜಗುಲಿ, ಮನೆಯ ಅಂಕಣಗಳೇ ನಮ್ಮ ದಾರಿ. ಇಪ್ಪತ್ತು ಹೆಜ್ಜೆಯ ಪಡಸಾಲೆಯಲ್ಲೂ ನೂರು ಸಲ ತಿರುಗಿದರೆ ಎರಡು ಸಾವಿರ ಹೆಜ್ಜೆಗಳಾಗುತ್ತವೆ.

ಎದೆಯಲ್ಲಿ ಬಿಗಿತ, ಎಡತೋಳು ಅಥವಾ ದವಡೆಗೆ ಹಬ್ಬುವ ನೋವು, ತಲೆಸುತ್ತು ಬಂದರೆ ಅಲ್ಲಿಯೇ ಕುಳಿತು ಸಹಾಯ ಕೇಳಿರಿ. ತಡಮಾಡದೆ ಆಸ್ಪತ್ರೆ ಸೇರಿರಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇಟ್ಟುಕೊಂಡೇ ಹೊರಡಬೇಕು. ನಡುಕ, ತಣ್ಣನೆಯ ಬೆವರು ಬಂದೊಡನೆ ಅದನ್ನು ತಿನ್ನಬೇಕು.

ಏರಿಯನ್ನು ಉಳಿಸುವುದೂ ಕಾಯಕವೇ

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನಲ್ಲಿ ಹಮ್ಮರ್ಬಿ ಎಂಬ ಸರೋವರದ ದಂಡೆಯ ಬಡಾವಣೆಯ ಬಗ್ಗೆ ಓದಿದ್ದೇವೆ. ಕಾರ್ಖಾನೆಗಳಿಂದ ಕೆಟ್ಟಿದ್ದ ನೆಲವನ್ನು 1990ರ ದಶಕದಿಂದ ಶುದ್ಧಗೊಳಿಸಿ ಸಾವಿರಾರು ಮನೆಗಳನ್ನು ಕಟ್ಟಿದ್ದಾರೆ. ಅಲ್ಲಿ ನೀರಿನಂಚನ್ನು ಯಾರ ಮನೆಯ ಹಿತ್ತಿಲಿಗೂ ಬಿಟ್ಟುಕೊಟ್ಟಿಲ್ಲ. ಅದು ನಡೆಯುವವರ ದಾರಿ. ಜೊಂಡಿನ ನಡುವೆ ಮರದ ಹಲಗೆಯ ಸೇತುವೆ ಹಾಸಿದ್ದಾರೆ. ಮಳೆನೀರನ್ನು ಶೋಧಿಸಿ ಸರೋವರಕ್ಕೆ ಬಿಡುತ್ತಾರೆ, ಚರಂಡಿಯ ನೀರಿನಿಂದ ಅನಿಲ ತೆಗೆಯುತ್ತಾರೆ. ಹೆದ್ದಾರಿಯ ಮೇಲೆ ಗಿಡ ಬೆಳೆಸಿದ ಸೇತುವೆ ಕಟ್ಟಿ ಊರನ್ನು ಅಡವಿಗೆ ಜೋಡಿಸಿದ್ದಾರೆ.

ಇದನ್ನು ಓದಿದಾಗ ನಮಗೆ ಸೊನ್ನಲಿಗೆಯ ಸಿದ್ಧರಾಮರ ನೆನಪಾಯಿತು. ಎಂಟು ನೂರು ವರ್ಷಗಳಿಗೂ ಹಿಂದೆ ಕೆರೆ ಕಟ್ಟಿಸುವುದನ್ನೇ ಶಿವಯೋಗವಾಗಿ ಮಾಡಿಕೊಂಡ ಶರಣರು ಅವರು. ಸೊಲ್ಲಾಪುರದ ನಡುವೆ ಅವರ ಕೆರೆ ಇಂದಿಗೂ ಇದೆ. ನೀರಿನ ದಂಡೆ ಎಲ್ಲರದೆಂಬ ಪಾಠವನ್ನು ನಾವು ಸ್ವೀಡನ್ನಿನಿಂದ ಕಲಿಯಬೇಕಾಗಿರಲಿಲ್ಲ. ಆದರೂ ಇಂದು ನಮ್ಮ ಕೆರೆಗಳ ಏರಿಯ ಮೇಲೆ ಕಸದ ರಾಶಿ, ಮುಳ್ಳುಕಂಟಿ, ಒಡೆದ ಬಾಟಲಿಗಳಿವೆ. ಏರಿಯ ದಾರಿ ಮುಚ್ಚಿದ ದಿನ ಆ ಓಣಿಯ ಹತ್ತು ಮಂದಿ ಹಿರಿಯರು ಮನೆಯಲ್ಲಿ ಕೂರುತ್ತಾರೆ. ಕೆಲವರು ದೊಡ್ಡ ರಸ್ತೆಗೆ ಹೋಗುತ್ತಾರೆ. ಆಗ ಏನಾಗುತ್ತದೆಂಬುದನ್ನು ನಾವು ಕಂಡಿದ್ದೇವೆ.

ನಗರಸಭೆ, ಪುರಸಭೆ, ಪಂಚಾಯಿತಿಗಳಿಗೆ ಮನವಿ ಕೊಡೋಣ. ಅಷ್ಟಕ್ಕೇ ನಿಲ್ಲುವುದು ಬೇಡ. ಪ್ರತಿ ಊರಿನ ಬಸವ ಬಳಗ, ಅಕ್ಕನ ಬಳಗಗಳು ತಿಂಗಳಿಗೊಂದು ಮುಂಜಾನೆ ತಮ್ಮ ಓಣಿಯ ಕೆರೆಯ ಏರಿಯನ್ನು ಸ್ವಚ್ಛಗೊಳಿಸಿ, ಎರಡು ಕಲ್ಲುಬೆಂಚು ಹಾಕಿಸಿ, ನಾಲ್ಕು ಹೊಂಗೆಯ ಸಸಿ ನೆಟ್ಟರೆ ಅದು ದಾಸೋಹವಾಗುತ್ತದೆ. ಆ ನೆರಳಲ್ಲಿ ಕೂರುವವರು ಯಾರೆಂದು ಕೇಳಬೇಕಾಗಿಲ್ಲ.

ಆರಂಭದಲ್ಲಿ ಹೇಳಿದ ಆ ಗುರುಗಳು ಇಂದಿಗೂ ಕೋಲು ಬಿಟ್ಟಿಲ್ಲ. ಆದರೆ ಸಂಜೆ ಅವರ ಮನೆಯವರೊಡನೆ ಶಾಲೆಯ ಮೈದಾನದಲ್ಲಿ ನಿಧಾನವಾಗಿ ಮೂರು ಸುತ್ತು ಹಾಕುತ್ತಾರೆ. ಅವರ ಚೀಟಿಯಲ್ಲಿ ಈಗ ನಾವು ‘ಶಾಲೆಯ ಮೈದಾನ, ಸಂಜೆ ಐದು ಗಂಟೆ, ಮೂರು ಸುತ್ತು, ಜೊತೆಗೊಬ್ಬರು’ ಎಂದು ಬರೆದಿದ್ದೇವೆ. ಓದುಗರು ತಮ್ಮ ವೈದ್ಯರು ‘ನಡೆಯಿರಿ’ ಎಂದಾಗ ‘ಎಲ್ಲಿ?’ ಎಂದು ಕೇಳಲು ಸಂಕೋಚಪಡಬಾರದು. ಕೇಳಿದರೆ ವೈದ್ಯರಿಗೂ ಉಪಕಾರವಾಗುತ್ತದೆ.